ಒಂಟಿಯಾಗಿ ಬಂದವನಿಗೆ ನಮ್ಮ ಮೊಹಲ್ಲಾದಲ್ಲಿ ಜಾಗವಿದೆಯೇ?

ಪ್ರತಿವರ್ಷ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಬಳಿಕ ನಮ್ಮ ಸಣ್ಣ ಪಟ್ಟಣಗಳಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಸಮುದಾಯದ ಯುವಕರು ಗಣನೀಯ ಸಂಖ್ಯೆಯಲ್ಲಿರುತ್ತಾರೆ. ಒಬ್ಬ ಐ.ಟಿ.ಐ. ಮುಗಿಸಿದವನು, ಇನ್ನೊಬ್ಬ ಬಿ.ಕಾಂ. ಮಾಡಿದವನು, ಮತ್ತೊಬ್ಬ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಎ.ಸಿ. ರಿಪೇರಿ ಕಲಿತವನು. ಅವರ ಕೈಯಲ್ಲಿ ನೇಮಕಾತಿ ಪತ್ರವಿರುವುದಿಲ್ಲ, ಜೊತೆಯಲ್ಲಿ ಕುಟುಂಬವಿರುವುದಿಲ್ಲ. ಊರಲ್ಲಿ ಕೆಲಸವಿಲ್ಲದ್ದರಿಂದಲೇ ಅವರು ಹೊರಟಿರುತ್ತಾರೆ. ಆದರೆ ನಗರದಲ್ಲಿ ಮನೆ ಕೇಳಿದರೆ, ಎಲ್ಲಿ ಕೆಲಸ ಮಾಡುತ್ತೀಯಾ ಎಂಬುದೇ ಮೊದಲ ಪ್ರಶ್ನೆ. ಕೆಲಸ ಕೇಳಲು ಹೋದರೆ, ಎಲ್ಲಿ ವಾಸವಾಗಿದ್ದೀಯಾ ಎಂದು ಕೇಳಲಾಗುತ್ತದೆ. ಈ ಎರಡು ಪ್ರಶ್ನೆಗಳ ನಡುವೆ ಸಿಲುಕಿ, ತಂದ ಹಣ ಕರಗಿ, ಮೂರನೆಯ ತಿಂಗಳಿಗೆ ಊರಿಗೆ ಮರಳಿದವರು ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ.

ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲ ಎನ್ನುವ ಮಾಲಕರ ಬಗ್ಗೆ ನಾವು ಅನೇಕ ಬಾರಿ ಬರೆದಿದ್ದೇವೆ. ಮುಸ್ಲಿಮರಿಗೆ ಬಯಸಿದ ಕಡೆ ಮನೆ ದೊರೆಯುತ್ತಿಲ್ಲವೆಂಬ ದೂರನ್ನು 2006ರಲ್ಲಿ ಸಾಚಾರ್ ಸಮಿತಿಯ ವರದಿಯೂ ದಾಖಲಿಸಿತು. ಸಂವಿಧಾನದ 15ನೇ ವಿಧಿಯು ಧರ್ಮದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು ಸರಕಾರವನ್ನು ಕಟ್ಟಿಹಾಕುತ್ತದೆ, ಅಂಗಡಿ, ಹೊಟೇಲು, ಬಾವಿ, ಕೆರೆಗಳಿಗೂ ಅನ್ವಯಿಸುತ್ತದೆ. ಖಾಸಗಿ ಮನೆಯ ಬಾಡಿಗೆಯ ಪ್ರಸ್ತಾಪ ಅದರಲ್ಲಿಲ್ಲ. ಈ ಲೋಪದ ವಿರುದ್ಧದ ಹೋರಾಟ ಮುಂದುವರಿಯಲೇಬೇಕು. ಆದರೆ ನಾವಿಂದು ಚರ್ಚಿಸಬೇಕಾಗಿರುವುದು ಅದನ್ನಲ್ಲ. ಅಲ್ಲಿ ನಿರಾಕರಿಸಲ್ಪಟ್ಟು ನಮ್ಮದೇ ಮೊಹಲ್ಲಾಕ್ಕೆ ಬಂದ ಯುವಕನಿಗೆ ಏನಾಗುತ್ತದೆ? ಇಲ್ಲಿಯೂ ಅವನು ಓದುವುದು ‘ಫ್ಯಾಮಿಲಿಗೆ ಮಾತ್ರ’ ಎಂಬ ಫಲಕವನ್ನು. ಅಲ್ಲಿ ಅವನ ಹೆಸರು ಅಡ್ಡಿಯಾಗಿತ್ತು. ಇಲ್ಲಿ ಅವನ ಒಂಟಿತನ ಅಡ್ಡಿಯಾಗುತ್ತದೆ.

ಒಂದು ವೇಳೆ ಮನೆ ದೊರೆತರೂ ಅಡ್ವಾನ್ಸಿನ ಪ್ರಶ್ನೆ ಎದುರಾಗುತ್ತದೆ. ಬಾಡಿಗೆಯ ಹತ್ತು ಪಟ್ಟು ಮುಂಗಡ ಕೇಳುವ ರೂಢಿ ಬೆಂಗಳೂರಿನಲ್ಲಿ ಇನ್ನೂ ಸಂಪೂರ್ಣ ಅಳಿದಿಲ್ಲ. ಕೇಂದ್ರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಂಗೀಕರಿಸದೆ ಜಾರಿಗೆ ಬರುವುದಿಲ್ಲ. ತಿಂಗಳಿಗೆ 8,000 ರೂಪಾಯಿಯ ಒಂದು ಕೋಣೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಲೆಕ್ಕದಲ್ಲಿ 80,000 ರೂಪಾಯಿ ಮೊದಲೇ ಎಣಿಸಬೇಕು. ತಾಯಿಯ ಬಳೆ ಅಡವಿಡದೆ ಇಷ್ಟು ಹಣ ಹೊಂದಿಸಬಲ್ಲ ಕುಟುಂಬಗಳು ನಮ್ಮಲ್ಲಿ ಎಷ್ಟಿವೆ?

ನಾವು ಹಿಜ್ರತ್‌ನ ಕುರಿತು ಭಾಷಣಗಳನ್ನು ಕೇಳುತ್ತಾ ಬೆಳೆದವರು. ಹಿಜರಿ ವರ್ಷದ ಆರಂಭದಲ್ಲಿ ಅನ್ಸಾರರ ತ್ಯಾಗವನ್ನು ಸ್ಮರಿಸುತ್ತೇವೆ. ಆದರೆ ಮದೀನಾದಲ್ಲಿ ಹೊಸಬರನ್ನು ನೆಲೆಗೊಳಿಸಲು ಒಂದು ವ್ಯವಸ್ಥೆಯಿತ್ತು ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಪ್ರವಾದಿ(ಸ)ರ ಮಸೀದಿಯ ಒಂದು ಭಾಗದಲ್ಲಿ ನೆರಳು ಹಾಕಿದ ಸ್ಥಳವೊಂದಿತ್ತು. ಅದುವೇ ಸುಫ್ಫಾ. ಅಲ್ಲಿ ವಾಸಿಸುತ್ತಿದ್ದವರು ಯಾರು? ಮನೆಯಿಲ್ಲದ, ಕುಟುಂಬವಿಲ್ಲದ, ನಿಶ್ಚಿತ ದುಡಿಮೆಯಿಲ್ಲದ ವಲಸಿಗರು. ಇಂದಿನ ಮಾತಿನಲ್ಲಿ ಹೇಳುವುದಾದರೆ ನಿರುದ್ಯೋಗಿ ಬ್ಯಾಚುಲರ್‌ಗಳು! ಊಟದ ಹೊತ್ತಿಗೆ ಅವರನ್ನು ಒಬ್ಬಿಬ್ಬರಂತೆ ಸಹಾಬಿಗಳ ಮನೆಗಳಿಗೆ ಹಂಚಲಾಗುತ್ತಿತ್ತು. ಅವರಲ್ಲಿ ಕೆಲವರು ಹಗಲಿನಲ್ಲಿ ಕಟ್ಟಿಗೆ ಆಯ್ದು ಮಾರುತ್ತಿದ್ದರು. ಹಿಜರಿ ಏಳನೇ ವರ್ಷದಲ್ಲಿ ದೌಸ್ ಗೋತ್ರದ ಒಬ್ಬ ಬಡ ಯುವಕ ಯಮನ್ ಕಡೆಯಿಂದ ಮದೀನಾಕ್ಕೆ ಬಂದು ಈ ನೆರಳಿನಲ್ಲಿ ಆಶ್ರಯ ಪಡೆದರು. ಅವರೇ ಅಬೂಹುರೈರಾ(ರ). ಅತ್ಯಧಿಕ ಹದೀಸ್‌ಗಳು ನಮಗೆ ತಲುಪಿರುವುದು ಅವರ ಮೂಲಕ. ಇಂದು ನಮ್ಮ ಮಸೀದಿಗೆ ಅಂತಹ ಯುವಕ ಬಂದರೆ ಇಶಾ ನಮಾಝಿನ ಬಳಿಕ ಅವನ ಪಾಡೇನು? ಬಾಗಿಲಿಗೆ ಬೀಗ ಹಾಕುವ ಹೊತ್ತಾಯಿತೆಂದು ಮುಅಝ್ಝಿನ್ ಸಾಹೇಬರು ಕೆಮ್ಮುತ್ತಾರೆ.

ಅಬ್ದುರ‍್ರಹ್ಮಾನ್ ಬಿನ್ ಔಫ್(ರ)ರ ಘಟನೆಯನ್ನೂ ನಾವು ಅರ್ಧದಷ್ಟೇ ಹೇಳುತ್ತೇವೆ. ಸಅದ್ ಬಿನ್ ರಬೀಅ್(ರ)ರು ಅರ್ಧ ಸಂಪತ್ತನ್ನು ನೀಡಲು ಮುಂದಾದಾಗ ಅವರು ಅದನ್ನು ಸ್ವೀಕರಿಸದೆ ಮಾರುಕಟ್ಟೆಯ ದಾರಿ ಕೇಳಿದರು, ಬೆಣ್ಣೆ-ಗಿಣ್ಣು ಮಾರಿ ಶೀಘ್ರವೇ ಸ್ವಾವಲಂಬಿಯಾದರು. ಸ್ವಾಭಿಮಾನದ ಪಾಠವೆಂದು ಇದನ್ನು ಯುವಕರಿಗೆ ಬೋಧಿಸುತ್ತೇವೆ, ಬೋಧಿಸಬೇಕಾದದ್ದೇ. ಆದರೆ ಮಾರುಕಟ್ಟೆಗೆ ಹೋಗುವ ಮೊದಲು ಅವರಿಗೆ ಸಅದ್‌ರಂತಹ ಸಹೋದರರೊಬ್ಬರು ದೊರೆತಿದ್ದರು ಎಂಬುದನ್ನು ಮನೆ ಮಾಲಕರಿಗೆ ಬೋಧಿಸುವವರಾರು?

ಇಂತಹ ವ್ಯವಸ್ಥೆ ಇಂದಿನ ಕಾಲಕ್ಕೆ ಸಾಧ್ಯವಿಲ್ಲವೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಗೋವಾದ ಕ್ರೈಸ್ತರು ಮುಂಬಯಿಯಲ್ಲಿ ‘ಕೂಡ್’ ಎಂದು ಕರೆಯಲ್ಪಡುವ ಊರಿಗೊಂದು ನಿವಾಸವನ್ನು ತಲೆಮಾರುಗಳ ಕಾಲ ನಡೆಸಿದರು. ಹಡಗಿನ ಕೆಲಸ ಹುಡುಕಿ ಬಂದ ಯುವಕ ಅಲ್ಪ ಶುಲ್ಕ ಕೊಟ್ಟು, ತನ್ನ ಊರವರ ನಡುವೆ ಪೆಟ್ಟಿಗೆಯಿಟ್ಟು ಮಲಗುತ್ತಿದ್ದ, ಸಂಜೆಯ ಪ್ರಾರ್ಥನೆಯಲ್ಲಿ ಸೇರುತ್ತಿದ್ದ. ಅಷ್ಟು ದೂರವೇಕೆ? ವಿಸಿಟ್ ವೀಸಾದಲ್ಲಿ ದುಬೈಗೆ ಹೋದ ನಮ್ಮ ಕರಾವಳಿಯ ಹುಡುಗರನ್ನು ಊರವರ ರೂಮುಗಳು ಕೆಲಸ ಸಿಗುವವರೆಗೆ ಸಲಹಿವೆ. ಆರು ಮಂಚಗಳಿರುವ ರೂಮಿನಲ್ಲಿ ಏಳನೆಯವನಿಗೆ ನೆಲದ ಮೇಲೆ ಹಾಸಿಗೆ ಹಾಸಲಾಗುತ್ತಿತ್ತು, ಅನ್ನದಲ್ಲಿ ಪಾಲು ಸಿಗುತ್ತಿತ್ತು. ಆ ರೂಮುಗಳಲ್ಲಿ ಬದುಕು ಕಟ್ಟಿಕೊಂಡು ಮರಳಿದವರೇ ಇಂದು ಬೆಂಗಳೂರು, ಮಂಗಳೂರುಗಳಲ್ಲಿ ಬಾಡಿಗೆ ಮನೆಗಳ ಮಾಲಕರಾಗಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಗೇಟಿನ ಮೇಲೂ ಅದೇ ಫಲಕ ತೂಗುತ್ತಿದೆ.

ಹಾಗೆಂದು ಮಾಲಕರ ಅಳುಕನ್ನು ನಾವು ಹಗುರವಾಗಿ ಕಾಣಲಾರೆವು. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಬಂದವನು ಯಾರ ಮಗನೋ ತಿಳಿಯದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಅಪರಿಚಿತ ಮುಸ್ಲಿಮ್ ಯುವಕನಿಗೆ ಕೋಣೆ ಕೊಟ್ಟು, ನಾಳೆ ಪೊಲೀಸರು ಬಂದು ಬಾಗಿಲು ತಟ್ಟಿದರೆ ಇಡೀ ಕುಟುಂಬದ ಗತಿಯೇನು? ಆರೋಪ ಹೊತ್ತು ವರ್ಷಗಟ್ಟಲೆ ಜೈಲಿನಲ್ಲಿದ್ದು ನಿರಪರಾಧಿಗಳೆಂದು ಬಿಡುಗಡೆಯಾದವರನ್ನು ಕಂಡಿರುವ ಸಮುದಾಯಕ್ಕೆ ಈ ಭಯ ಸಹಜ. ಒಬ್ಬ ಮಾಲಕ ಒಂಟಿಯಾಗಿ ಈ ಹೊಣೆ ಹೊರಲಾರ. ಆದ್ದರಿಂದಲೇ ಜಮಾಅತ್ ಅದನ್ನು ಹೊರಬೇಕು ಎನ್ನುತ್ತೇವೆ. ಯುವಕ ತನ್ನ ಊರಿನ ಜಮಾಅತ್‌ನ ಪತ್ರ ತರಲಿ. ವಿವಾಹಕ್ಕೆ ಜಮಾಅತ್‌ನ ಪತ್ರ ಕೇಳುವ ನಾವು ವಲಸೆಗೆ ಅದನ್ನು ಬಳಸಬಾರದೇಕೆ? ಗುರುತಿನ ಚೀಟಿಯ ಪ್ರತಿ, ರಿಜಿಸ್ಟರಿನಲ್ಲಿ ಸಹಿ, ಠಾಣೆಗೆ ಮಾಹಿತಿ ಎಲ್ಲವೂ ಮುಚ್ಚುಮರೆಯಿಲ್ಲದೆ ನಡೆಯಲಿ.

ಇದಕ್ಕೆ ಬೇಕಾದ ಸೌಕರ್ಯವೂ ದೊಡ್ಡದಲ್ಲ. ಮಸೀದಿಯ ಅಥವಾ ಮದ್ರಸಾದ ಖಾಲಿ ಮಹಡಿಯಲ್ಲಿ ಹತ್ತು ಮಂಚಗಳು, ಎರಡು ತಿಂಗಳ ಮಿತಿ, ಕೆಲಸ ಸಿಕ್ಕ ಬಳಿಕ ಸಲ್ಲಿಸಬೇಕಾದ ಅಲ್ಪ ಶುಲ್ಕ. ಅಡ್ವಾನ್ಸಿಗೆ ಬಡ್ಡಿರಹಿತ ಸಾಲ. ಮುಂಗಡವೆಂಬುದು ಖರ್ಚಾಗಿ ಹೋಗುವ ಹಣವಲ್ಲ, ಮನೆ ಬಿಡುವಾಗ ಮರಳುವ ಹಣ. ಕರಾರು ಪತ್ರದಲ್ಲಿ ಜಮಾಅತ್‌ನ ಹೆಸರನ್ನೂ ಸೇರಿಸಿದರೆ 8 ಲಕ್ಷ ರೂಪಾಯಿಯ ನಿಧಿಯೊಂದು ಮೇಲಿನ ಲೆಕ್ಕದಂತೆ ಹತ್ತು ಕೋಣೆಗಳ ಬಾಗಿಲು ತೆರೆಯುತ್ತದೆ, ಕೆಲಕಾಲದ ಬಳಿಕ ಇನ್ನೂ ಹತ್ತನ್ನು. ಮಿನಾರದ ಎತ್ತರಕ್ಕಾಗಿ ಪೈಪೋಟಿಯಲ್ಲಿ ವಂತಿಗೆ ಎತ್ತುವ ಕಮಿಟಿಗಳಿಗೆ ಈ ಮೊತ್ತ ಹೊರೆಯಾಗದು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬನೆಂದು ಕುರ‍್ಆನ್ ನಿಗದಿಪಡಿಸಿದೆ. ಊರಿನಿಂದ ದೂರವಾಗಿ ಬರಿಗೈಯಲ್ಲಿ ನಿಂತ ಯುವಕನಿಗೆ ಆ ಪಾಲು ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ನಮ್ಮ ಉಲಮಾಗಳು ಬಿಡಿಸಿ ಹೇಳಲಿ.

ಹೆಣ್ಣುಮಕ್ಕಳ ಪರಿಸ್ಥಿತಿ ಇನ್ನೂ ಕಠಿಣ. ನರ್ಸಿಂಗ್ ಅಥವಾ ಬಿ.ಎಡ್. ಮುಗಿಸಿದ ಯುವತಿಗೆ ನಗರದಲ್ಲಿ ಸಂದರ್ಶನವಿದ್ದರೆ, ಉಳಿಯಲು ಸ್ಥಳವಿಲ್ಲವೆಂಬ ಒಂದೇ ಕಾರಣಕ್ಕೆ ಕುಟುಂಬ ಅವಳನ್ನು ತಡೆಯುತ್ತದೆ. ದುಡಿಯುವ ಮಹಿಳೆಯರ ವಸತಿನಿಲಯಗಳ ಕೇಂದ್ರ ಯೋಜನೆ 1972-73ರಿಂದಲೇ ಇದೆ. ಆದರೆ ಹೆಸರೇ ಹೇಳುವಂತೆ ಅದು ಮುಖ್ಯವಾಗಿ ಉದ್ಯೋಗದಲ್ಲಿರುವವರಿಗೆ. ಇನ್ನೂ ಉದ್ಯೋಗ ಹುಡುಕುತ್ತಿರುವವಳು ಎಲ್ಲಿಗೆ ಹೋಗಬೇಕು? ನಗರಗಳಲ್ಲಿರುವ ನಮ್ಮ ಮಹಿಳಾ ಸಂಘಟನೆಗಳು, ಮಕ್ಕಳೆಲ್ಲ ವಿದೇಶಕ್ಕೆ ಹೋಗಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯ ದಂಪತಿಗಳನ್ನು ಭೇಟಿಯಾಗಿ ಈ ಕುರಿತು ಮಾತಾಡಿಸಬಹುದು. ಒಂದು ಕೋಣೆ, ಎರಡು ತಿಂಗಳು, ಪರಿಚಿತರ ಶಿಫಾರಸು. ಕೇಳಿದರೆ ಒಪ್ಪುವ ಮನೆಗಳಿವೆ. ಇದುವರೆಗೆ ಅವರ ಬಾಗಿಲಿಗೆ ಹೋಗಿ ಕೇಳಿದವರಿಲ್ಲ.

ಜಮಾಅತ್‌ಗಳ ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಆಯ್ಕೆಗಳ ಜೊತೆಗೆ ಈ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಬೇಕೆಂದು ನಾವು ವಿನಂತಿಸುತ್ತೇವೆ. ಫಲಿತಾಂಶಗಳು ಬಂದು ರಾತ್ರಿ ಬಸ್ಸುಗಳು ತುಂಬುವ ಮೊದಲೇ ಆ ಸಭೆ ಸೇರಿದರೆ ಉತ್ತಮ.