ಕೂಡುವುದೂ ಕರಗುವುದೂ

ಮನುಷ್ಯನು ಒಬ್ಬಂಟಿಯಾಗಿ ಬಾಳಲಾರನೆಂಬ ಮಾತನ್ನು ಎಲ್ಲರೂ ಒಪ್ಪುವರು. ಆದರೆ ಎಷ್ಟು ಮಂದಿ ಕೂಡಿದರೆ ಒಂದು ಸಂಘವು ಚೆನ್ನಾಗಿ ನಡೆಯುವುದು ಎಂಬಲ್ಲಿಗೆ ಬಂದೊಡನೆ ಒಮ್ಮತವು ಮುರಿಯುವುದು. ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹಲವು ಊರುಗಳಲ್ಲಿ, ಒಂದೇ ಕೇರಿಯಲ್ಲಿ ಹೆಂಗಸರ ಎರಡು ಉಳಿತಾಯ ಸಂಘಗಳು, ಒಂದೇ ದೇವಸ್ಥಾನದ ಆಸುಪಾಸಿನಲ್ಲಿ ಎರಡು ಭಜನಾ ಮಂಡಳಿಗಳು, ಒಂದು ಹಳ್ಳಿಗೆ ಎರಡು ಹವ್ಯಾಸಿ ಯಕ್ಷಗಾನ ತಂಡಗಳು ಇರುವುದುಂಟು. "ಇಷ್ಟು ಸಣ್ಣ ಊರಿಗೆ ಎರಡೇತಕ್ಕೆ? ಸೇರಿಸಿ ಒಂದು ಮಾಡಿರಿ, ಬಲ ಬರುವುದು, ಖರ್ಚು ತಗ್ಗುವುದು" ಎಂದು ಹಿತಚಿಂತಕರು ಹೇಳುವರು. "ನಮ್ಮ ಪಾಡಿಗೆ ನಾವು ನಡೆಸಿಕೊಂಡು ಬಂದಿದ್ದೇವೆ, ಸೇರಿದರೆ ನಮ್ಮ ಮಾತನ್ನು ಕೇಳುವವರಾರು?" ಎಂದು ಸಂಘದವರು ಹಿಂದೆಗೆಯುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದುದರಿಂದ ಈ ತಿಂಗಳು ವಾಚಕ ಮಹಾಶಯರೊಡನೆ ಈ ವಿಷಯವನ್ನೇ ವಿಚಾರಮಾಡಬೇಕೆಂದು ನಾವು ಬಗೆದಿದ್ದೇವೆ.

ಶಾಲೆಯಲ್ಲಿ ಎಲ್ಲರೂ ಓದಿದ ಕನ್ನಡ ವ್ಯಾಕರಣವು ಇಲ್ಲಿ ನಮಗೊಂದು ದಾರಿ ತೋರುವುದು. ಎರಡು ಸ್ವರಗಳು ಎದುರುಬದುರಾಗಿ ಬಂದಾಗ ಸಂಧಿಯಾಗುವುದಷ್ಟೆ. 'ಊರು' ಎಂಬುದಕ್ಕೆ 'ಊರು' ಎಂಬುದು ಸೇರಿ 'ಊರೂರು' ಆಗುವಾಗ ಮೊದಲಿನ ಪದದ ಕೊನೆಯ ಉಕಾರವು ಇಲ್ಲದಾಗುವುದು, ಇದು ಲೋಪಸಂಧಿ. 'ಮನೆ' ಎಂಬುದಕ್ಕೆ 'ಅನ್ನು' ಸೇರಿದಾಗ ಯಾವ ಸ್ವರವೂ ಅಳಿಯದು, ನಡುವೆ ಯಕಾರವೊಂದು ಹೊಸದಾಗಿ ಬಂದು ಎರಡನ್ನೂ ಬೆಸೆದು 'ಮನೆಯನ್ನು' ಎಂದಾಗುವುದು, ಇದು ಆಗಮಸಂಧಿ. ಯಾವಾಗ ಲೋಪ, ಯಾವಾಗ ಆಗಮ? ಲೋಪದಿಂದ ಅರ್ಥವು ಕೆಡದಿದ್ದರೆ ಲೋಪ. ಅರ್ಥವು ಕೆಡುವಂತಿದ್ದರೆ ಆಗಮ. ಸಂಘಗಳ ವಿಷಯದಲ್ಲಿಯೂ ನಮ್ಮ ಅಭಿಪ್ರಾಯವು ಇದಕ್ಕಿಂತ ಬೇರೆಯಲ್ಲ. ಒಂದರ ಅಳಿವಿನಿಂದ ಅದರ ಉದ್ದೇಶವು ಕೆಡದಿದ್ದರೆ ಒಂದಾಗಲಿ. ಕೆಡುವಂತಿದ್ದರೆ ಎರಡೂ ಉಳಿದು, ನಡುವೆ ಬೆಸೆಯುವ ಅಕ್ಷರವೊಂದು ಬರಲಿ.

ಇದು ಬರಿಯ ಮಾತಿನ ಚಮತ್ಕಾರವಲ್ಲವೆಂಬುದನ್ನು ಅಘನಾಶಿನಿಯ ದಂಡೆಯೇ ತೋರಿಸಿಕೊಡುವುದು. ಶಿರಸಿಯ ಕಡೆ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಘಟ್ಟವಿಳಿದು, ತದಡಿಯ ಬಳಿ ಸಮುದ್ರವನ್ನು ಸೇರುವ ಈ ಹೊಳೆಯೊಳಕ್ಕೆ ಉಬ್ಬರದ ಹೊತ್ತಿನಲ್ಲಿ ಉಪ್ಪುನೀರು ಬಹುದೂರ ಏರಿಬರುವುದು. ಇಕ್ಕೆಲದ ತಗ್ಗು ಭೂಮಿಗೆ ಗಜನಿಯೆಂದು ಹೆಸರು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಕಾಲದಲ್ಲಿ ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಅದು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಕೊಯ್ಲಾದ ಮೇಲೆ ಹೊಳೆಯ ನೀರನ್ನು ಒಳಬಿಟ್ಟು ಮೀನು ಸಿಗಡಿಗಳನ್ನು ಹಿಡಿಯುವರು. ಗದ್ದೆ ಅವರವರದು, ಆದರೆ ಹೊಳೆಯನ್ನು ತಡೆಯುವ ಕಟ್ಟೆ ಎಲ್ಲರದು. ಒಬ್ಬನ ಗದ್ದೆಯ ಮುಂದೆ ಕಟ್ಟೆ ಒಡೆದರೆ ಉಪ್ಪುನೀರು ಅವನ ಗದ್ದೆಯಲ್ಲಿಯೇ ನಿಲ್ಲುವುದಿಲ್ಲವಷ್ಟೆ! ಆ ಕಾರಣದಿಂದ ಹಿಂದಿನವರು ಗದ್ದೆಗಳನ್ನು ಬೇರೆಯಿಟ್ಟುಕೊಂಡು, ಮಣ್ಣಿನ ಕಟ್ಟೆಯನ್ನು ಮಾತ್ರ ಕೂಡಿ ಕಟ್ಟಿ, ಕೂಡಿ ಕಾಯುತ್ತಿದ್ದರು. ಯಾವುದನ್ನು ಕೂಡಿಸಬೇಕು, ಯಾವುದನ್ನು ಬೇರೆಯಿಡಬೇಕು ಎಂಬ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆಯದು.

1970ರ ದಶಕದಲ್ಲಿ ಸರಕಾರವು ಖಾರ್‌ಲ್ಯಾಂಡ್ ಯೋಜನೆಯಂತೆ ಇಲ್ಲಿ ಭದ್ರವಾದ ಕಟ್ಟೆಗಳನ್ನು ಕಟ್ಟಿಸಿತು. ಉಪಕಾರಬುದ್ಧಿಯಿಂದ ಮಾಡಿದ ಕೆಲಸವೇ ಅದು. ಆದರೆ ಕಟ್ಟೆಯ ಹೊಣೆಯು ದೂರದ ಕಚೇರಿಗೆ ಹೋದಮೇಲೆ ಊರವರು ಕೂಡಿ ದುಡಿಯುವ ರೂಢಿ ಸಡಿಲಿತು. ಮುಂದೆ ಅನೇಕ ಗಜನಿಗಳು ಸಿಗಡಿ ಸಾಕಣೆಗೆ ಹೋದವು, ಕೆಲವು ಬೀಳುಬಿದ್ದವು, ಕಗ್ಗದ ಬೇಸಾಯ ಕುಗ್ಗಿತು. ಇದಕ್ಕೆ ಬೇರೆ ಕಾರಣಗಳೂ ಇಲ್ಲದಿಲ್ಲ. ಆದರೂ ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಕೂಡಿ ಕಗ್ಗವನ್ನು ಉಳಿಸಿಕೊಂಡು ಬಂದಿರುವುದನ್ನು ನೋಡಿದರೆ, ಭದ್ರವಾದ ಕಟ್ಟೆಗಿಂತಲೂ ಅದನ್ನು ತಮ್ಮದೆಂದು ಕಾಯುವ ಕಣ್ಣುಗಳು ಹೆಚ್ಚಿನವೆಂಬುದು ಮನದಟ್ಟಾಗುವುದು.

ಅದೇ ಹೊಳೆಯ ಬಾಯಿಯ ಸಮೀಪದಲ್ಲಿ ಸಾಣಿಕಟ್ಟಾ ಉಂಟು. ಅಲ್ಲಿ ಬಹುಕಾಲದಿಂದ ಉಪ್ಪು ಬೆಳೆಯುತ್ತಾರೆ. ಆಗರಗಳ ಒಡೆಯರು ಹಲವರು. ಒಬ್ಬೊಬ್ಬರೇ ಮಾರಲು ಹೊರಟರೆ ವ್ಯಾಪಾರಿಯು ಹೇಳಿದ್ದೇ ಬೆಲೆಯಾಗುವುದು ಸಹಜ. ಅವರು 1952ರಲ್ಲಿ ನಾಗರಬೈಲ ಉಪ್ಪಿನ ಮಾಲೀಕರ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಯಾರೊಬ್ಬರ ಸ್ವಾಮ್ಯವೂ ಅಳಿಯಲಿಲ್ಲ. ಸಂಘವು ನಡುವಿನ ಯಕಾರದಂತೆ ಬಂದು ಎಲ್ಲರನ್ನೂ ಬೆಸೆಯಿತು.

ಹೊರಗಿನ ದೇಶಗಳಲ್ಲಿಯೂ ಇದೇ ಅನುಭವ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಮಂದಿ ಬಡವರು ಕೂಡಿ ಒಂದು ಅಂಗಡಿ ತೆರೆದರು. ಅದನ್ನು ನೋಡಿ ನೆರೆಯೂರುಗಳಲ್ಲಿಯೂ ಅಂಥ ಅಂಗಡಿಗಳು ಹುಟ್ಟಿದವು. ಅವೆಲ್ಲ ಸೇರಿ ಒಂದೇ ಅಂಗಡಿಯಾಗಲಿಲ್ಲ. ಸಗಟಾಗಿ ಸಾಮಾನು ಕೊಳ್ಳುವುದಕ್ಕೆಂದು ಮಾತ್ರ 1863ರಲ್ಲಿ ಒಂದು ಸಮಾನ ಸಂಸ್ಥೆಯನ್ನು ಸ್ಥಾಪಿಸಿದವು. ನಮ್ಮಲ್ಲಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲಿಟ್ಟ ಸಹಕಾರಿ ಸಂಘದಿಂದ ಬೆಳೆದ ವ್ಯವಸ್ಥೆಯೂ ಅದೇ ಬಗೆಯದು. ಹಳ್ಳಿಯಲ್ಲಿ ಹಳ್ಳಿಯ ಸಂಘ, ಜಿಲ್ಲೆಗೊಂದು ಮಧ್ಯವರ್ತಿ ಬ್ಯಾಂಕು, ರಾಜ್ಯಕ್ಕೊಂದು ಶಿಖರ ಬ್ಯಾಂಕು. ಸಾಲ ಕೇಳುವವನ ಮನೆ, ತೋಟ, ನಡತೆಗಳನ್ನು ಬಲ್ಲವರು ಕೆಳಗಿರುವರು. ದೊಡ್ಡ ಬಂಡವಾಳವನ್ನು ಒದಗಿಸುವವರು ಮೇಲಿರುವರು.

ಮನೆಯ ತಾಯಂದಿರಿಗೆ ಇನ್ನೂ ಹತ್ತಿರದ ದೃಷ್ಟಾಂತವೆಂದರೆ ಅವರ ಸ್ವಸಹಾಯ ಸಂಘಗಳೇ. ಇವು ಹುಟ್ಟಿದ ಬಗೆಯನ್ನು ಬಹುಮಂದಿ ಅರಿಯರು. ಕರ್ನಾಟಕದಲ್ಲಿ ಮೈರಾಡ ಎಂಬ ಸೇವಾಸಂಸ್ಥೆಯು ಹಳ್ಳಿಗಳಲ್ಲಿ ದೊಡ್ಡ ಸಹಕಾರಿ ಸಂಘಗಳನ್ನು ಕಟ್ಟಿಸಿತ್ತು. ಮುಂದಾಳುಗಳ ಮೇಲಣ ವಿಶ್ವಾಸ ತಪ್ಪಿ ಅವುಗಳಲ್ಲಿ ಕೆಲವು 1984-85ರ ಸುಮಾರಿಗೆ ಮುರಿದುಬಿದ್ದವು. ಆಗ ಸದಸ್ಯರು ತಮಗೆ ನಂಬುಗೆಯಿದ್ದವರನ್ನು ಕೂಡಿಕೊಂಡು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ತಮ್ಮ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆ ಸಂಸ್ಥೆಯು ಇದನ್ನು ಕೇಡೆಂದು ಬಗೆಯದೆ ಆ ಗುಂಪುಗಳಿಗೇ ಬೆಂಬಲವಿತ್ತಿತು. 1986-87ರ ಹೊತ್ತಿಗೆ ಅಂಥವು ಸುಮಾರು 300 ಆದವು. 1992ರಲ್ಲಿ ನಬಾರ್ಡ್ ಬ್ಯಾಂಕು ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಕೊಂಡಿತು. 2000ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಇಂದು ಇಂಥ ಗುಂಪಿನಲ್ಲಿ ಸಾಮಾನ್ಯವಾಗಿ 10ರಿಂದ 20 ಮಂದಿ ಇರುವರು. ಹಲವು ಗುಂಪುಗಳು ಸೇರಿ ಪಂಚಾಯತಿಯ ಮಟ್ಟದಲ್ಲಿ ಒಕ್ಕೂಟವಾಗುವುವು.

ಹತ್ತಿಪ್ಪತ್ತು ಮಂದಿಯೇ ಏಕೆ? ಹನ್ನೆರಡು ಮಂದಿಯ ಸಂಘದಲ್ಲಿ ಒಬ್ಬಾಕೆ ಕಂತು ಕಟ್ಟದಿದ್ದರೆ, ಆಕೆಯ ಮಗುವಿಗೆ ಜ್ವರವೋ, ಗಂಡನ ದೋಣಿ ಕಡಲಿಗಿಳಿಯಲಿಲ್ಲವೋ, ಅಥವಾ ಬರಿಯ ಉದಾಸೀನವೋ ಎಂಬುದನ್ನು ಉಳಿದವರು ಸಂಜೆಯೊಳಗೆ ಅರಿಯಬಲ್ಲರು. ತಕ್ಕಂತೆ ಕರುಣೆಯನ್ನೋ ಬಿಗಿಯನ್ನೋ ತೋರಬಲ್ಲರು. ನೂರು ಮಂದಿಯ ಸಂಘದಲ್ಲಿ ಆಕೆ ಒಂದು ಅಂಕಿ ಮಾತ್ರ. ಅಲ್ಲದೆ ಹನ್ನೆರಡು ಮಂದಿಯಲ್ಲಿ ನಾಲ್ಕನೆಯ ಸಭೆಗಾದರೂ ಬಾಯಿಬಿಡುವ ಸಂಕೋಚದ ಹೆಂಗಸು, ನೂರು ಮಂದಿಯ ನಡುವೆ ವರುಷವಿಡೀ ಮೌನದಿಂದ ಕುಳಿತಾಳು. ಸಂಘದ ಉದ್ದೇಶವೇ ಆಕೆಗೆ ಧ್ವನಿ ಕೊಡುವುದಾಗಿದ್ದರೆ, ಇಲ್ಲಿ ಲೋಪದಿಂದ ಅರ್ಥವೇ ಕೆಟ್ಟಂತಾಯಿತಲ್ಲವೆ?

ಹಾಗೆಂದು ಒಂದಾಗುವುದೆಲ್ಲ ಕೆಡುಕೆಂದು ನಾವು ಹೇಳುವುದಿಲ್ಲ. 1862ರಲ್ಲಿ ಕೆನರಾ ಜಿಲ್ಲೆಯನ್ನು ಸೀಳಿ ನಮ್ಮ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು; ದಕ್ಷಿಣ ಭಾಗವು ಮದರಾಸಿನಲ್ಲಿ ಉಳಿಯಿತು. ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋದ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದುಗಳಲ್ಲಿ ಬಾಲದ ಕಡೆಯವರಾಗಿದ್ದರು. 1956ರ ನವೆಂಬರ್ 1ರಂದು ಒಂದೇ ರಾಜ್ಯವಾದದ್ದರಿಂದ ಅವರಿಗೆ ಧ್ವನಿ ಬಂದಿತೇ ಹೊರತು ಹೋಗಲಿಲ್ಲ. ಕೂಡಿದ್ದರಿಂದ ಸಣ್ಣವನ ಮಾತು ದೊಡ್ಡದಾಯಿತೋ ಅಡಗಿಹೋಯಿತೋ ಎಂಬುದೇ ಒರೆಗಲ್ಲು.

ಆ ಒರೆಗಲ್ಲಿಗೆ ಇನ್ನೊಂದನ್ನು ಹಚ್ಚಿ ನೋಡೋಣ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಿಗೆ ದಿನದಿನವೂ ಹೋಗಿ ಎರಡೆರಡಾಣೆಯನ್ನು ಕೂಡಿಸಿತು. ತನ್ನ ಕೇರಿಯನ್ನು ಬಲ್ಲ ಸಣ್ಣ ಬ್ಯಾಂಕಿಗೆ ಮಾತ್ರ ಹೊಳೆಯತಕ್ಕ ಯುಕ್ತಿಯದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಯಾರ ಠೇವಣಿಯೂ ಮುಳುಗಲಿಲ್ಲ. ದೊಡ್ಡ ಸಾಲಗಳನ್ನು ಕೊಡುವ ಶಕ್ತಿ ಹೆಚ್ಚಿತೆಂದು ತಿಳಿದವರು ಹೇಳುವರು. ಆದರೆ ಕರಾವಳಿಯ ಜನರು ತಮ್ಮದೆಂದು ಕರೆಯುತ್ತಿದ್ದ ಮೂರು ಹೆಸರುಗಳು ಅಳಿದವು, ಅವುಗಳ ಆಡಳಿತ ಮಂಡಳಿಗಳೂ ಇಲ್ಲದಾದವು. ಲಾಭವನ್ನು ಲೆಕ್ಕವಿಡುವವರು ಈ ನಷ್ಟವನ್ನೂ ಲೆಕ್ಕಕ್ಕೆ ತರತಕ್ಕದ್ದು.

ಹೊಸ ಕಾಲದ ಅಂತರ್ಜಾಲಕ್ಕೂ ಇದೇ ನ್ಯಾಯ. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಕಿಪೀಡಿಯ ಎಂಬ ವಿಶ್ವಕೋಶವು ಕನ್ನಡದಲ್ಲಿ 2003ರಲ್ಲಿ ಮೊದಲಾಯಿತು. ಕೊಂಕಣಿಯದು 2015ರಲ್ಲಿ, ತುಳುವಿನದು 2016ರಲ್ಲಿ ಸ್ವತಂತ್ರವಾಗಿ ನಿಂತವು. ಅದಕ್ಕೆ ಮುಂಚೆ ಅವೆರಡೂ ಸಸಿಗಳನ್ನು ಬೆಳೆಸುವ ಮಡಿಯಂಥ ತಾಣದಲ್ಲಿ ವರುಷಗಟ್ಟಲೆ ಬೆಳೆದವು. ಬರೆಯುವವರು ಕೆಲವರೇ ಆದುದರಿಂದ ಕನ್ನಡದ ಒಂದು ಮೂಲೆಯಲ್ಲಿಯೇ ಅವು ಇರಬಹುದಾಗಿತ್ತೆಂದು ಯಾರಾದರೂ ಹೇಳಿಯಾರು. ಆದರೆ ತುಳುವಿನಲ್ಲಿ ಯಾವ ಶಬ್ದ ಸಾಧು ಎಂಬುದನ್ನು ತುಳುವರೇ ನಿರ್ಣಯಿಸಬೇಕಷ್ಟೆ. ಹಾಗೆಂದು ಅವು ಒಂಟಿಯಾಗಿಯೂ ಇಲ್ಲ. ಚಿತ್ರಗಳ ಉಗ್ರಾಣವು ಎಲ್ಲ ಭಾಷೆಗಳಿಗೂ ಒಂದೇ. ಅಘನಾಶಿನಿಯ ಒಂದು ಚಿತ್ರವನ್ನು ಅಲ್ಲಿಟ್ಟರೆ ಕನ್ನಡ, ಕೊಂಕಣಿ, ತುಳು ಮೂರಕ್ಕೂ ಅದು ಒದಗುವುದು. ಇನ್ನು ಕೊಂಕಣಿಯನ್ನು ನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲಿ ಬರೆಯುವವರು ಲಿಪಿಗೊಂದು ಮನೆ ಮಾಡದೆ ಒಂದೇ ಮನೆಯಲ್ಲಿ ಬರೆಯುವರು. ಗದ್ದೆ ಬೇರೆ, ಕಟ್ಟೆ ಒಂದು ಎಂಬ ಗಜನಿಯ ನೀತಿಯೇ ಇಲ್ಲಿಯೂ ಕಾಣುವುದಿಲ್ಲವೆ?

ಆದುದರಿಂದ ತಮ್ಮ ಸಂಘವನ್ನು ಇನ್ನೊಂದರೊಡನೆ ಸೇರಿಸಬೇಕೆಂಬ ಸೂಚನೆ ಬಂದಾಗ, ಗೃಹಸ್ಥರೂ ಗೃಹಿಣಿಯರೂ ಉಬ್ಬದೆ, ಸಿಡುಕದೆ, ಕೆಲವು ಪ್ರಶ್ನೆಗಳನ್ನು ಸಭೆಯ ಮುಂದಿಡಬೇಕು. ನಾವು ಕೂಡಿ ಕಟ್ಟಬೇಕಾದ ಕಟ್ಟೆ ಯಾವುದು? ಪಾತ್ರೆ, ಜಮಖಾನೆ, ಚೆಂಡೆ, ಮದ್ದಳೆಗಳೇ? ಸಗಟು ಖರೀದಿಯೇ? ಲೆಕ್ಕತಪಾಸಣೆಯೇ? ಅಷ್ಟಕ್ಕೆ ಒಂದು ಒಕ್ಕೂಟ ಸಾಕಾದರೆ ಒಂದಾಗಿ ಕರಗುವ ಅವಶ್ಯಕತೆಯಿಲ್ಲ. ಸೇರಿದ ಮೇಲೆ ಸಣ್ಣ ಸಂಘದವರ ಮಾತು ಯಾವ ನಿಯಮದಿಂದ ಉಳಿಯುವುದು? ಅದನ್ನು ಮೊದಲೇ ಬರಹದಲ್ಲಿ ಇಡತಕ್ಕದ್ದು. ಹೊಂದಿಕೆಯಾಗದಿದ್ದರೆ ತಮ್ಮ ಪಾಲಿನ ಹಣವನ್ನೂ ದಫ್ತರವನ್ನೂ ತೆಗೆದುಕೊಂಡು ಹಿಂದಿರುಗುವ ದಾರಿಯುಂಟೇ? ಹಿಂದಿರುಗುವ ದಾರಿಯಿಲ್ಲದ ಕೂಟಕ್ಕೆ ಅವಸರದಿಂದ ಒಪ್ಪಬಾರದು.

ಬೇರೆಯಾಗಿ ಇರಬಯಸುವವರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು. ಎರಡು ಮಂಡಳಿಗಳಲ್ಲಿ ಅದೇ ಜನ, ಅದೇ ಹಾಡು, ಅದೇ ವಾರ. ಒಂದರಲ್ಲಿ ತಾಳ ಹಾಕುವವರಿಲ್ಲ, ಇನ್ನೊಂದರಲ್ಲಿ ಲೆಕ್ಕ ಬರೆಯುವವರಿಲ್ಲ. ನಡುವೆ ಉಳಿದಿರುವುದು ಹಿಂದೆಂದೋ ಇಬ್ಬರು ಯಜಮಾನರ ನಡುವೆ ಆದ ಮನಸ್ತಾಪ ಮಾತ್ರ. ಹಾಗಿದ್ದರೆ ಅಂಥ ಉಕಾರವು ಲೋಪವಾಗುವುದೇ ಲೇಸು, ಅರ್ಥವೇನೂ ಕೆಡದು. ಛಲವನ್ನು ಸ್ವಾತಂತ್ರ್ಯವೆಂದು ಕರೆದರೆ ಅದು ಸ್ವಾತಂತ್ರ್ಯವಾಗದು.

ಎಲ್ಲಿ ಆ ಸಣ್ಣ ಸಂಘದಲ್ಲಿಯೇ ಒಬ್ಬಾಕೆ ಮೊದಲ ಬಾರಿಗೆ ಎದ್ದುನಿಂತು ಮಾತನಾಡಿದಳೋ, ಎಲ್ಲಿ ಒಂದು ಕೇರಿಯ ನುಡಿ, ಒಂದು ಗದ್ದೆಯ ಬೀಜ ಆ ನಾಲ್ಕು ಮಂದಿಯಿಂದಲೇ ಉಳಿದಿರುವುದೋ, ಅಲ್ಲಿ ಸಣ್ಣದೆಂಬ ಒಂದೇ ಕಾರಣಕ್ಕೆ ಅದನ್ನು ಕರಗಿಸಲಾಗದು. ಅದಕ್ಕೆ ನೆರೆಯ ಸಂಘಗಳ ಕೈ ಸಿಗಲಿ, ಕೂಡಿ ಕಟ್ಟಿದ ಕಟ್ಟೆಯ ಆಸರೆ ಸಿಗಲಿ. ಮಳೆಗಾಲ ಬರುವ ಮುನ್ನವೇ ಕಟ್ಟೆಯನ್ನು ಭದ್ರಪಡಿಸಿಕೊಳ್ಳುವುದು ಗಜನಿಯ ರೈತನ ಜಾಣತನ. ಸಂಘಗಳವರೂ ಆಪತ್ತು ಬಂದಮೇಲೆ ಒಬ್ಬರನ್ನೊಬ್ಬರು ಹುಡುಕದೆ, ಈಗಿನಿಂದಲೇ ವರುಷಕ್ಕೆ ಎರಡು ಬಾರಿಯಾದರೂ ನೆರೆಯ ಸಂಘದೊಡನೆ ಒಂದೇ ಜಮಖಾನೆಯ ಮೇಲೆ ಕುಳಿತು ಮಾತನಾಡುವ ಪದ್ಧತಿಯನ್ನಿಡಲೆಂದು ನಮ್ಮ ಸೂಚನೆ.