ಕೈಗುಣವಿಲ್ಲದವರ ಹೂದೋಟ

ಕೆಲವರು ಒಣಕಡ್ಡಿಯನ್ನು ನೆಟ್ಟರೂ ಅದು ಚಿಗುರುತ್ತದೆ. ಮತ್ತೆ ಕೆಲವರು ಚಿಗುರಿದ ಸಸಿಯನ್ನು ನೆಟ್ಟರೂ ಅದು ಒಣಕಡ್ಡಿಯಾಗುತ್ತದೆ. ಮೊದಲಿನವರಿಗೆ ಕೈಗುಣವಿದೆ ಎನ್ನುತ್ತೇವೆ. ನಾನು ಎರಡನೆಯ ಪಂಗಡಕ್ಕೆ ಸೇರಿದವಳು. ವಸಂತ ಬಂತೆಂದರೆ ನೆರೆಮನೆಯ ಕಾಂಪೌಂಡಿನ ಮೇಲೆ ಮಲ್ಲಿಗೆ ನಗುವುದನ್ನು ನೋಡಿ, ಮಾರುಕಟ್ಟೆಯಿಂದ ಮೊಳ ಹಾಕಿಸಿಕೊಂಡು ಬರುವುದಷ್ಟೇ ನನ್ನ ಪಾಲಿಗೆ ಬಂದದ್ದು ಎಂದು ಬಹುಕಾಲ ನಂಬಿದ್ದೆ. ನನ್ನಂಥವರು ನಮ್ಮ ವಾಚಕಿಯರಲ್ಲಿಯೂ ಇರಬಹುದೆಂದು ಈ ವಾರ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಬೇಗೂರು. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ನಾನು ಮೈಸೂರಿನಲ್ಲಿ ಸಂಸಾರ ಹೂಡಿದಾಗ ನನ್ನ ತಾಯಿ ತಮ್ಮ ಹಿತ್ತಲಿನ ದುಂಡುಮಲ್ಲಿಗೆಯ ಸಸಿಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟಿದ್ದರು. ಬಂದುಹೋದಾಗಲೆಲ್ಲ ಅದರ ಆರೈಕೆ ಅವರದೇ. ಅವರು ತೀರಿಕೊಂಡ ಮೇಲೆ ಆ ಗಿಡದ ಮೇಲೆ ನನ್ನ ಮಮತೆ ಇಮ್ಮಡಿಯಾಯಿತು. ಬೆಳಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಎಲೆ ಹಳದಿಗೆ ತಿರುಗಿತು. ಬಾಯಾರಿರಬೇಕೆಂದು ಮಧ್ಯಾಹ್ನವೂ ಒಂದು ಚೊಂಬು ಎರೆದೆ. ತಿಂಗಳೊಪ್ಪತ್ತಿನಲ್ಲಿ ಗಿಡ ಸತ್ತಿತು. ತಾಯಿಯ ಕೈಯಿಂದ ಬಂದದ್ದನ್ನು ನನ್ನ ಕೈ ಉಳಿಸಲಿಲ್ಲವೆಂಬ ಸಂಕಟವನ್ನು ಯಾರಲ್ಲಿಯೂ ಹೇಳಿಕೊಳ್ಳಲಾಗಲಿಲ್ಲ.

ಆ ಫಾಲ್ಗುಣದಲ್ಲಿ ಬೇಗೂರಿಗೆ ಹೋದಾಗ ಅತ್ತಿಗೆಯ ಮುಂದೆ ಕಣ್ಣೀರಿಟ್ಟೆ. ಅವರು ಎಲ್ಲವನ್ನೂ ಕೇಳಿಕೊಂಡು, “ಅದು ಬಾಯಾರಿ ಸತ್ತದ್ದಲ್ಲ ಕಣಮ್ಮ, ನೀರು ಹೆಚ್ಚಾಗಿ ಸತ್ತದ್ದು,” ಎಂದರು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಗಾಳಿಗೆ ಎಡೆಯಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದಕಾರಣ ಎಲೆ ಬಾಡುತ್ತದೆ. ಬಾಡಿತೆಂದು ನಾವು ಇನ್ನಷ್ಟು ನೀರೆರೆಯುತ್ತೇವೆ. ಮನೆಗಳಲ್ಲಿ ಕುಂಡದ ಗಿಡಗಳು ಸಾಯುವುದು ಬಹುಪಾಲು ಹೀಗೆ, ಅತಿಯಾದ ಪ್ರೀತಿಯಿಂದ.

ಸಂಜೆ ಊರಾಚೆ ಹೋದೆವು. ಮಳೆಗಾಲದಲ್ಲಿ ಈ ಹೆದ್ದಾರಿಯ ಇಕ್ಕೆಲದ ಹೊಲಗಳಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಹಬ್ಬಿ, ಊಟಿಗೆ ಹೋಗುವವರು ವಾಹನ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವುದನ್ನು ನೀವು ಕಂಡಿರಬಹುದು. ಆ ಚೆಂಡುಹೂವು ಬಹುಮಟ್ಟಿಗೆ ಮಾಲೆಗಲ್ಲ. ಕಂಪನಿಗಳೊಡನೆ ಕರಾರು ಮಾಡಿಕೊಂಡು ಬಣ್ಣ ತೆಗೆಯುವುದಕ್ಕಾಗಿ ಬೆಳೆಯುವುದು. ಅದರ ಬಣ್ಣವನ್ನು ಕೋಳಿಯ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆಯಂತೆ. ಫಾಲ್ಗುಣದಲ್ಲಾದರೋ ಅದೇ ಹೊಲಗಳು ಬರಿದಾಗಿ ಬಿಸಿಲಿಗೆ ಒಡ್ಡಿಕೊಂಡಿದ್ದವು. ಪಶ್ಚಿಮಘಟ್ಟದ ಮಳೆಯ ಮರೆಯಲ್ಲಿರುವ ಸೀಮೆಯಿದು. ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ನೆನೆಯುವ ತನಕ ಮಳೆಯನ್ನೇ ನಂಬಿದ ರೈತ ಬೀಜ ಬಿತ್ತುವುದಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗಿಡದ ಕಾಲವನ್ನು ಕಾಯುವುದೇ ಕೈಗುಣದ ಅರ್ಧಭಾಗವೆಂದು ನನಗೆ ಅಂದು ಹೊಳೆಯಿತು.

ಪಟ್ಟಣದವರಾದ ನಾವು ಮಾಡುವುದೇನು? ಜನವರಿಯಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಫಲಪುಷ್ಪ ಪ್ರದರ್ಶನ ನೋಡಿ, ಆ ಸೊಬಗಿಗೆ ಮರುಳಾಗಿ ಪೆಟೂನಿಯ, ಫ್ಲಾಕ್ಸ್ ಸಸಿಗಳನ್ನು ಕೊಂಡು ತರುತ್ತೇವೆ. ಅವು ತಂಪನ್ನು ಬಯಸುವ ಹೂಗಳು. ನಮ್ಮ ವಸಂತವೆಂದರೆ ಬೇಸಗೆಯ ಬಾಗಿಲು. ಯುಗಾದಿಯ ಬಿಸಿಲಿಗೆ ಅವು ಸೊರಗಿದರೆ ತಪ್ಪು ನಮ್ಮ ಕೈಯದಲ್ಲ, ಆಯ್ಕೆಯದು. ಬೇವು, ಹೊಂಗೆ, ಮಲ್ಲಿಗೆ ಅರಳುವ ಕಾಲದಲ್ಲಿ ಆ ಕಾಲಕ್ಕೆ ಒಗ್ಗಿದ ಹೂವನ್ನೇ ಬೆಳೆಯಬೇಕು. ಹೊಸಬರಿಗೆ ಮೂರು ಸಾಕು.

ಮೊದಲನೆಯದು ಚೆಂಡುಹೂವು. ಇದರ ಮೂಲ ದೂರದ ಮೆಕ್ಸಿಕೊ ಆದರೂ ಈಗ ನಮ್ಮದೇ ಆಗಿಹೋಗಿದೆ. ಗಿಡದಲ್ಲಿಯೇ ಬಲಿತು ಒಣಗಿದ ಹೂವನ್ನು ಬಿಡಿಸಿ, ಅದರ ಕಪ್ಪು ಬೀಜವನ್ನು ಜನವರಿಯಲ್ಲಿ ತೆಳುವಾಗಿ ಬಿತ್ತಿರಿ. ಒಂದು ವಾರದಲ್ಲಿ ಮೊಳೆಯುತ್ತದೆ. ನಾಲ್ಕು ವಾರಕ್ಕೆ ಕಿತ್ತು ನೆಡಬಹುದು. ಬೇರೂರಿದ ಮೇಲೆ ತುದಿಯನ್ನು ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ಯುಗಾದಿಯ ತೋರಣದ ಹೊತ್ತಿಗೆ ಹೂ ಕೈಗೆ ಬರುತ್ತದೆ.

ಎರಡನೆಯದು ಕನಕಾಂಬರ. ಅರೆನೆರಳಿನಲ್ಲಿಯೂ ಬಾಳುವ ಸಹನೆ ಇದಕ್ಕುಂಟು. ಬಲಿತ ಕಾಯಿಗೆ ನೀರು ತಾಗಿದರೆ ಚಟ್ಟನೆ ಸಿಡಿದು ಬೀಜ ಚಿಮ್ಮುತ್ತದೆ. ಮಕ್ಕಳಿಗೆ ಇದೊಂದು ಆಟ, ನಿಮಗೆ ಬಿಟ್ಟಿ ಸಸಿ.

ಮೂರನೆಯದು ದುಂಡುಮಲ್ಲಿಗೆ. ಇದಕ್ಕೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಡಿಸೆಂಬರ್ ಕೊನೆಯಲ್ಲಿ ನೀರನ್ನು ಕಡಿಮೆ ಮಾಡಿ, ಗಿಡಕ್ಕೆ ವಿಶ್ರಾಂತಿ ಕೊಟ್ಟು, ಅರ್ಧದಷ್ಟು ಸವರಿಬಿಡಿ. ಮನಸ್ಸು ಒಪ್ಪಲಾರದು, ಆದರೂ ಸವರಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಆಮೇಲೆ ಬುಡ ಸಡಿಲಿಸಿ, ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ನೀರು ಕೊಡಲಾರಂಭಿಸಿ.

ಕುಂಡ ಒಂದು ಅಡಿ ಅಗಲವಿರಲಿ, ತಳದಲ್ಲಿ ತೂತಿರಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ಸಾಕು. ನೀರಿನ ವಿಷಯದಲ್ಲಿ ಗಡಿಯಾರವನ್ನು ನಂಬಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವವಿದ್ದರೆ ಚೊಂಬನ್ನು ಕೆಳಗಿಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಧಾರಾಳವಾಗಿ ಎರೆಯಿರಿ. ಕಡುಬೇಸಗೆಯಲ್ಲಿ ಇದು ದಿನವೂ ಬೇಕಾದೀತು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾದೀತು.

ಅತ್ತಿಗೆ ಆ ವರ್ಷ ತಾಯಿಯ ಹಳೆಯ ಬಳ್ಳಿಯ ಒಂದು ಕೊಂಬೆಯನ್ನು ನೆಲಕ್ಕೆ ಬಾಗಿಸಿ, ಮಣ್ಣು ಮುಚ್ಚಿ, ಕಲ್ಲು ಹೇರಿದರು. ಮೂರು ತಿಂಗಳಲ್ಲಿ ಅದು ಬೇರು ಬಿಟ್ಟಿತು. ಆಷಾಢದಲ್ಲಿ ಕತ್ತರಿಸಿ ನನ್ನ ಕೈಗಿತ್ತಾಗ, “ನನಗೆ ಬೇಡ, ಮತ್ತೆ ಕೊಲ್ಲುತ್ತೇನೆ,” ಎಂದೆ. “ಬೆರಳಿದೆಯಲ್ಲ, ತೆಗೆದುಕೊಂಡು ಹೋಗು,” ಎಂದರು.

ಮರುವರ್ಷದ ಯುಗಾದಿಗೆ ಒಂದು ಗೇಣು ಮಾಲೆಗಾಗುವಷ್ಟು ಹೂ ಬಿಟ್ಟಿತು. ಬಾಳೆಲೆಯಲ್ಲಿ ಕಟ್ಟಿಕೊಂಡು ಬೇಗೂರಿಗೆ ಹೋಗಿ ತಾಯಿಯ ಪಟಕ್ಕೆ ಮುಡಿಸಿದೆ. ಅತ್ತಿಗೆ ಹೂವನ್ನು ಹೊಗಳಲಿಲ್ಲ. “ಹೊರಡುವಾಗ ನೀರು ಹಾಕಿ ಬಂದೆಯಾ?” ಎಂದು ಮಾತ್ರ ಕೇಳಿದರು.

“ಇಲ್ಲ. ಬೆರಳಿಟ್ಟು ನೋಡಿದೆ, ತೇವವಿತ್ತು,” ಎಂದೆ.

“ಹಾಗಾದರೆ ಉಳಿಯುತ್ತದೆ,” ಎಂದು ಅವರು ಬೇವುಬೆಲ್ಲದ ಬಟ್ಟಲನ್ನು ಮುಂದಿಟ್ಟರು.