ಕೊಳೆ ನೀರಿಗೆ ಗೊಬ್ಬರವೊಂದೇ ಮದ್ದಲ್ಲ



ಕಾರ್ಖಾನೆಯ ಕೊಳೆ ನೀರು ಹಾಯಿಸಿದರೂ ಚಿಂತೆಯಿಲ್ಲ, ಕೊಟ್ಟಿಗೆ ಗೊಬ್ಬರ ಹಾಕಿದರೆ ಭೂಮಿ ತಾನೇ ಸರಿಹೋಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ಆ ಅರ್ಧವನ್ನು ನಂಬಿ ಹೊಲ ಕಳೆದುಕೊಳ್ಳಬಾರದು.

ಚಾಮರಾಜನಗರ, ಗುಂಡ್ಲುಪೇಟೆಯವರಿಗೆ ಇದು ದೂರದ ಮಾತಲ್ಲ. ಪಕ್ಕದ ನಂಜನಗೂಡಿನ ಬಳಿಯ ಕಬಿನಿಯನ್ನು 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಲುಷಿತ ನದಿ ಭಾಗಗಳ ಪಟ್ಟಿಗೆ ಸೇರಿಸಿತು. ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ನಮ್ಮದೇ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಬರಲಿ, ಮಕ್ಕಳಿಗೆ ಕೆಲಸ ಸಿಗಲಿ. ಆದರೆ ಅದರ ಬಚ್ಚಲು ನಮ್ಮ ಅರಿಶಿನ, ಬಾಳೆ, ತರಕಾರಿಯ ಪಾತಿಗೆ ತಿರುಗಬಾರದು.

ಕೊಳೆ ನೀರಿನಲ್ಲಿ ಮುಖ್ಯವಾಗಿ ಮೂರು ಬಗೆಯ ಕೇಡುಗಳಿವೆ. ಮೊದಲನೆಯದು ಕೊಳೆಯುವ ಕಸ. ಇದನ್ನು ಮಣ್ಣಿನ ಜೀವಾಣುಗಳು ಮಿತಿಯಲ್ಲಿದ್ದರೆ ಅರಗಿಸಿಕೊಳ್ಳುತ್ತವೆ.

ಎರಡನೆಯದು ಉಪ್ಪು. ಸೋಡಿಯಂ ಹೆಚ್ಚಾದರೆ ಮಣ್ಣು ಹೆಪ್ಪುಗಟ್ಟಿ ನೀರು ಇಂಗುವುದಿಲ್ಲ. ಎರೆ ಭೂಮಿಗೆ ಈ ಬಾಧೆ ಹೆಚ್ಚು. ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಉಳುಮೆ ಮಾಡಿ ಸೇರಿಸಿದರೆ ಮಣ್ಣು ಸಡಿಲವಾಗುತ್ತದೆ. ಆದರೆ ಸೋಡಿಯಂ ಹೊರಹೋಗಬೇಕಾದರೆ ಜಿಪ್ಸಂ ಬೇಕು, ತೊಳೆಯಲು ಒಳ್ಳೆಯ ನೀರು ಬೇಕು, ಬಸಿಗಾಲುವೆಯೂ ಬೇಕು. ಇವಿಲ್ಲದಿದ್ದರೆ ಉಪ್ಪು ಹೊಲದಲ್ಲೇ ಉಳಿಯುತ್ತದೆ.

ಮೂರನೆಯದು ಸೀಸ, ಕ್ಯಾಡ್ಮಿಯಂನಂತಹ ಲೋಹ. ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಸ್ವಲ್ಪಮಟ್ಟಿಗೆ ಹಿಡಿದಿಟ್ಟುಕೊಂಡು ಬೆಳೆಗೆ ಏರದಂತೆ ತಡೆಯುತ್ತದೆ. ಆದರೆ ಲೋಹ ಕೊಳೆಯುವ ವಸ್ತುವಲ್ಲ. ಗೊಬ್ಬರ ಕರಗಿದಂತೆ ಅದು ಮತ್ತೆ ಬಿಡುಗಡೆಯಾಗಬಹುದು. ಪಟ್ಟಣದ ಕಸದ ಗೊಬ್ಬರವಾದರೆ ಅದರಲ್ಲೇ ಲೋಹ ಇರಬಹುದು, ಪರೀಕ್ಷಿಸದೆ ಹಾಕಬೇಡಿ. ಅನುಮಾನದ ನೀರಿನಲ್ಲಿ ಸೊಪ್ಪು ಬೆಳೆಯಲೇಬೇಡಿ. ಎಲೆಯೇ ಲೋಹವನ್ನು ಹೆಚ್ಚಾಗಿ ಹೀರುತ್ತದೆ.

ಘಟ್ಟದಾಚೆಯ ತಿರುಪ್ಪೂರಿನ ಕಥೆ ನಮಗೆ ಪಾಠವಾಗಲಿ. ನೊಯ್ಯಲ್ ನದಿಗೆ ಒರತ್ತುಪಾಳಯದಲ್ಲಿ 1992ರಲ್ಲಿ ಅಣೆಕಟ್ಟು ಮುಗಿಯಿತು. ಬಣ್ಣ ಹಾಕುವ ಕಾರ್ಖಾನೆಗಳ ಉಪ್ಪು ನೀರು ಅದರಲ್ಲಿ ತುಂಬಿ, ನೀರಾವರಿಗೆಂದು ಕಟ್ಟಿದ ಜಲಾಶಯವೇ ರೈತರಿಗೆ ಶಾಪವಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಘಟಕಗಳನ್ನು ಮುಚ್ಚಿಸಿತು. ಅಷ್ಟರಲ್ಲಿ ಭೂಮಿ, ಬಾವಿ ಎರಡೂ ಕೆಟ್ಟಿದ್ದವು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಪರೀಕ್ಷೆ. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ; ಸೋಡಿಯಂ, ಸೀಸ, ಕ್ಯಾಡ್ಮಿಯಂ ಅವುಗಳಲ್ಲಿಲ್ಲ. ಚೀಟಿ ಚೆನ್ನಾಗಿದೆಯೆಂದು ಸಮಾಧಾನಪಡಬೇಡಿ, ಇವನ್ನು ಬೇರೆಯಾಗಿ ಕೇಳಿ ಮಾಡಿಸಿ. ಸಲಹೆಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಿದೆ. ನೀರಿನ ವಿದ್ಯುತ್ ವಾಹಕತೆ 0.7ರೊಳಗಿದ್ದರೆ ಉಪ್ಪಿನ ಭಯವಿಲ್ಲ. 3 ದಾಟಿದರೆ ಆ ನೀರನ್ನು ಬಿಡುವುದೇ ಲೇಸು.

ಎರಡನೆಯದು, ಊರು ಒಟ್ಟಾಗಬೇಕು. ಹಳ್ಳದ ನೀರಿಗೆ ಬಣ್ಣವೋ ನೊರೆಯೋ ಕಂಡ ದಿನವೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ದೂರು ಕೊಡಿ. ಮಂಡಳಿಯ ಅಧಿಕಾರಿಯೇ ಬಂದು ಮಾದರಿ ತೆಗೆಯಲಿ. 1974ರ ಜಲ ಮಾಲಿನ್ಯ ಕಾಯಿದೆ ಇರುವುದೇ ಇದಕ್ಕೆ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ.

ಗೊಬ್ಬರ ಹಾಕಿ ಮಣ್ಣನ್ನು ಸಾಕುವುದು ರೈತನ ಧರ್ಮ. ಅದನ್ನು ನಾವು ಬಿಡುವುದು ಬೇಡ. ಆದರೆ ಕಾರ್ಖಾನೆಯ ಕೊಳೆಯನ್ನು ತೊಳೆಯುವುದು ಕಾರ್ಖಾನೆಯ ಹೊಣೆ. ಅದರ ಖರ್ಚನ್ನು ನಮ್ಮ ತಿಪ್ಪೆಯ ಲೆಕ್ಕಕ್ಕೆ ಬರೆಯಲು ಬಿಡಬಾರದು. ತೆರಕಣಾಂಬಿಯಿಂದ ಕೇರಳಕ್ಕೆ ಹೋಗುವ ನಮ್ಮ ತರಕಾರಿಯ ಮೇಲೆ ಕೊಳ್ಳುವವರ ನಂಬಿಕೆ ಒಮ್ಮೆ ಹೋದರೆ, ಎಷ್ಟು ಗಾಡಿ ಗೊಬ್ಬರ ಸುರಿದರೂ ಅದು ಮರಳಿ ಬಾರದು.